ಸಿಸಿಲಿ ಅಕ್ಕನ ಎಡಗಡೆಯ ಬಟನ್

ಹೋದ ವಾರ ಮನೆಯ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಮೇಲ್‌ನಲ್ಲಿ ಬಂದಿದ್ದ ಒಂದು ಕಾಗದದ ಪ್ರಿಂಟು ಬೇಕಿತ್ತು. ಅಂಗಡಿಯಾಕೆ ಬೇರೆ ಯಾರದೋ ಹಾಳೆಗಳಿಗೆ ಪಿನ್ನು ಹೊಡೆಯುತ್ತಾ, "ಮೇಡಂ, ನೀವೇ ಓಪನ್ ಮಾಡ್ಕೊಂಬುಡಿ" ಎಂದು ಕೀಬೋರ್ಡನ್ನೂ ಮೌಸನ್ನೂ ನನ್ನ ಕಡೆಗೆ ತಳ್ಳಿದರು. ತೋರುಬೆರಳಿನಿಂದ ಒತ್ತಿದೆ. ಕಾಗದ ತೆರೆದುಕೊಳ್ಳುವ ಬದಲು ಉದ್ದನೆಯ ಪಟ್ಟಿಯೊಂದು ಇಳಿಬಿತ್ತು. ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ ಪಟ್ಟಿ. ಕೆಟ್ಟುಹೋಗಿರಬೇಕೆಂದು ಮೌಸನ್ನು ಎತ್ತಿ ಅಡಿಯಲ್ಲಿ ನೋಡಿದೆ. ಅದರ ಹೊಟ್ಟೆಯಲ್ಲಿ ಕೆಂಪು ದೀಪ ಆರೋಗ್ಯವಾಗಿಯೇ ಉರಿಯುತ್ತಿತ್ತು. ನನ್ನ ಹಿಂದೆ ನಿಂತಿದ್ದವರು ಗಂಟಲು ಸರಿಮಾಡಿಕೊಂಡರು.

"ಅಯ್ಯೋ ಸಾರಿ ಮೇಡಂ, ನಂದು ಎಡಗೈ. ಬಟನ್ ಅದಲು ಬದಲು ಮಾಡ್ಕೊಂಡಿದೀನಿ. ನೀವು ಬಲಗಡೇದು ಒತ್ತಿ" ಎಂದರು ಅಂಗಡಿಯಾಕೆ, ತಲೆಯೆತ್ತದೆ.

ಬಲಗಡೆಯದನ್ನು ಒತ್ತಿದೆ. ಕಾಗದ ತೆರೆಯಿತು. ಇಷ್ಟೇ ನಡೆದದ್ದು. ಆದರೆ ಆ ಎರಡು ನಿಮಿಷ ನನ್ನ ಬೆರಳು ಗಾಳಿಯಲ್ಲಿ ನಿಂತು ಪಟ್ಟ ಅವಮಾನವನ್ನು ನೀವು ಊಹಿಸಿಕೊಳ್ಳಬಲ್ಲಿರಿ. ಕತ್ತಲಲ್ಲಿ ನಮ್ಮ ಮನೆಯ ಸ್ವಿಚ್ಚು ನಮ್ಮ ಕೈಗೆ ಸಿಗದೆ ಗೋಡೆ ತಡವುತ್ತೇವಲ್ಲ, ಹಾಗೆ. ಪ್ರಿಂಟು ಹಿಡಿದು ಮನೆಗೆ ನಡೆಯುತ್ತಾ ನನಗೆ, ನೋಡಿ ಬಹಳ ವರ್ಷಗಳಾಗಿದ್ದ ಸಿಸಿಲಿ ಅಕ್ಕ ನೆನಪಾದರು.

ಮುಂದೆ ಹೇಳುವುದಕ್ಕೆ ಮೊದಲು ಒಂದು ಮಾತು. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಾ ಬಂದವಳು. ಹಾಗಾಗಿ ನನ್ನ ನೆನಪು ಗಟ್ಟಿ ಎಂದು ಮನೆಯವರೆಲ್ಲ ನಂಬಿದ್ದಾರೆ. ದಿನಚರಿ ಬರೆಯುವವರಿಗೆ ನಿಜ ಗೊತ್ತಿರುತ್ತದೆ: ಮುಖ್ಯವಾದದ್ದು ನಡೆದ ದಿನವೇ ಬರೆಯಲು ಪುರಸೊತ್ತಾಗಿರುವುದಿಲ್ಲ. ಆ ವರ್ಷಗಳ ನನ್ನ ಪುಟಗಳಲ್ಲಿ ತಲೆನೋವಿದೆ, ಸಂಜೆಯ ಮಳೆಯಿದೆ, ಯಾವುದೋ ಹೋಟೆಲಿನ ಸಪ್ಪೆ ಸಾಗು ಕೂಡ ಇದೆ. ಸಿಸಿಲಿ ಅಕ್ಕ ಇಲ್ಲ. ಆದ್ದರಿಂದ ಇದನ್ನು ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು. ಬರೆಯುವ ನನಗೂ ಅದು ಇದೆ.

ತೊಂಬತ್ತರ ದಶಕದ ಕೊನೆ. ಎಂ.ಎ. ಮುಗಿಸಿ, ಅಧ್ಯಾಪಕಿಯ ಕೆಲಸಕ್ಕೆ ಅರ್ಜಿ ಹಾಕಿಕೊಂಡು, ಕಾಯುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದೆ. ಮಧ್ಯಾಹ್ನದ ಹೊತ್ತು ವಿದ್ಯಾರಣ್ಯಪುರದ ಒಂದು ಡಿ.ಟಿ.ಪಿ. ಸೆಂಟರಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾಗದ, ಮಠದ ಕರಪತ್ರ, ಇಂಥವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ಬಟರ್ ಪೇಪರಿನ ಮೇಲೆ ತೆಗೆದು ಪ್ರೆಸ್ಸಿಗೆ ಕಳಿಸುವ ಜಾಗ ಅದು. ಎರಡು ಕಂಪ್ಯೂಟರು. ಒಂದು ಯಾವಾಗಲೂ ರಿಪೇರಿಯಲ್ಲಿರುತ್ತಿದ್ದುದರಿಂದ ಒಂದು ಎಂದೇ ಹೇಳಬೇಕು.

ಮಾಲೀಕರು ಮಹದೇವಪ್ಪನವರು. ಮನೆತನದ್ದು ಬೆಲ್ಲದ ವ್ಯಾಪಾರ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತಿನಲ್ಲಿ ನಂಜನಗೂಡಿನ ಕಡೆಯ ಮೃದುತನ. ಬೆಲ್ಲದ ಮಂಡಿಯನ್ನು ತಮ್ಮನಿಗೆ ಬಿಟ್ಟು ಇವರು ಕಂಪ್ಯೂಟರಿಗೆ ಬಂದಿದ್ದರು. ಆದರೆ ಮಂಡಿಯ ಶಾಸ್ತ್ರಗಳನ್ನೆಲ್ಲ ಜೊತೆಗೇ ತಂದಿದ್ದರು. ಆಯುಧಪೂಜೆಯ ದಿನ ಮಾನಿಟರಿಗೆ, ಪ್ರಿಂಟರಿಗೆ, ಯು.ಪಿ.ಎಸ್ಸಿಗೆ ವಿಭೂತಿ ಬಳಿದು, ಮೌಸನ್ನು ಮಾತ್ರ ಬಿಟ್ಟರೆ ಏನೆಂದುಕೊಂಡೀತು ಎಂದು ಅದಕ್ಕೂ ಮೂರು ಪಟ್ಟೆ ಎಳೆದರು. ಆಗಿನ ಮೌಸುಗಳ ಅಡಿಯಲ್ಲಿ ರಬ್ಬರಿನ ಗುಂಡು ಇರುತ್ತಿತ್ತಲ್ಲ, ವಿಭೂತಿಯೆಲ್ಲ ಅದರೊಳಕ್ಕೆ ಇಳಿಯಿತು. ಮಾರನೆಯ ದಿನ ಪರದೆಯ ಮೇಲಿನ ಬಾಣ ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಇದ್ದಕ್ಕಿದ್ದಂತೆ ಮೂಲೆಗೆ ಹಾರುವುದು. "ಹಬ್ಬದೂಟ ಜಾಸ್ತಿಯಾಗದೆ ಇದಕ್ಕೆ" ಎಂದು ನಕ್ಕುಬಿಟ್ಟರು ಮಹದೇವಪ್ಪನವರು.

ಅವರ ಎಲ್ಲ ಶಾಸ್ತ್ರಗಳಿಗೂ ಮೇಲಿನದು ಬೋಣಿ. ದಿನದ ಮೊದಲ ವ್ಯಾಪಾರ ಬಲಗೈಯಲ್ಲೇ ಆಗಬೇಕು. ಕೊಡುವುದು ಬಲಗೈ, ತೆಗೆದುಕೊಳ್ಳುವುದು ಬಲಗೈ, ಕಂಪ್ಯೂಟರಿನ ಸ್ವಿಚ್ಚು ಒತ್ತುವುದೂ ಬಲಗೈ. ಬೆಳಗಿನ ಪಾಳಿಯ ಸತೀಶ ಎಂಬುವನು ಕಾಫಿ ಲೋಟ ಬಲಗೈಯಲ್ಲಿ ಹಿಡಿದು ಎಡಗೈಯಿಂದ ಸ್ವಿಚ್ಚು ಒತ್ತಿದ್ದಕ್ಕೆ, ಪೂರ್ತಿ ಆರಿಸಿ ಮತ್ತೆ ಹಚ್ಚಿಸಿದ್ದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆಯೋ, ಕೇಳಿದ್ದೇನೆಯೋ. ನಾನು ಹೋಗುತ್ತಿದ್ದುದು ಮಧ್ಯಾಹ್ನ.

ಇಂಥ ಜಾಗಕ್ಕೆ, ಮಧ್ಯಾಹ್ನದ ಪಾಳಿಗೆ, ಸಿಸಿಲಿ ಅಕ್ಕ ಬಂದರು. ನಲವತ್ತರ ಆಸುಪಾಸು. ನೀಟಾಗಿ ಪಿನ್ನು ಹಾಕಿದ ಹತ್ತಿ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ಸೆರಗಿನ ತುದಿಯಲ್ಲಿ ಬಸ್ ಟಿಕೆಟ್ಟು. ಅದುವರೆಗೆ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಕಲಿಸುತ್ತಿದ್ದರು. ಕಲಿಯುವವರು ಕಡಿಮೆಯಾಗಿ ಅದು ಮುಚ್ಚಿತ್ತು. ಅವರ ಯಜಮಾನರು ಕೆಲಸ ಮಾಡುತ್ತಿದ್ದ ಕಡಕೊಳದ ಕಾರ್ಖಾನೆಯೂ ಅದೇ ಹೊತ್ತಿಗೆ ಬಾಗಿಲು ಹಾಕಿಕೊಂಡಿತ್ತು. ಹೀಗಾಗಿ ಈ ಕೆಲಸ ಅವರಿಗೆ ಸಿಕ್ಕರೆ ಸಿಕ್ಕಿತು ಎನ್ನುವಂಥದ್ದಾಗಿರಲಿಲ್ಲ, ಸಿಗಲೇಬೇಕಾದ್ದು. ಮಹದೇವಪ್ಪನವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಟೈಪಿಂಗ್ ಏನೋ ಸುಖವಾಗಿ ಮಾಡ್ತೀರಿ ಸಿಸಿಲಮ್ಮ. ಆದ್ರೆ ಈಗ ಜನ ಕೇಳೋದು ಡಿಸೈನು. ಮೌಸು ಕೈಗೆ ಹತ್ಲಿ. ಹತ್ತದೆ ಇದ್ರೆ ಸಂಕ್ರಾಂತಿ ಕಳೆದ ಮೇಲೆ ನಾನು ಬೇರೆಯೋರ್ನ ನೋಡ್ಬೇಕಾಗ್ತದೆ. ತಪ್ಪು ತಿಳ್ಕೋಬೇಡಿ."

ಟೈಪ್ ಮಾಡುವಾಗ ಅವರನ್ನು ನೋಡಬೇಕಿತ್ತು. ಹತ್ತು ಬೆರಳೂ ಸರಿಸಮ. ಪಕ್ಕದಲ್ಲಿ ಕೂತವರೊಂದಿಗೆ ಮಾತಾಡುತ್ತಲೇ ಪುಟ ಮುಗಿಸುವರು. ಅದೇ ಕೈ ಮೌಸಿನ ಮೇಲೆ ಹೋದರೆ ಸಾಕು, ಹೊಸದಾಗಿ ಸೈಕಲ್ ಕಲಿಯುವವರ ಹ್ಯಾಂಡಲ್ಲಿನಂತೆ ಅಲ್ಲಾಡತೊಡಗುವುದು. ಒಂದು ಗೆರೆ ಎಳೆಯಿರಿ ಎಂದರೆ ಚಾಮುಂಡಿ ಬೆಟ್ಟದ ರಸ್ತೆ ಬರುವುದು. ವಯಸ್ಸಾದ ಮೇಲೆ ಕಲಿಯುತ್ತಿದ್ದಾರಲ್ಲ, ಅದಕ್ಕೆ ಎಂದು ನಾವೆಲ್ಲ ತೀರ್ಮಾನ ಮಾಡಿಕೊಂಡಿದ್ದೆವು. 'ವಯಸ್ಸಾದ ಮೇಲೆ' ಎಂದು ನಲವತ್ತನ್ನು ಕುರಿತು ಅಂದುಕೊಂಡಿದ್ದ ನನಗೆ ಈಗ ಐವತ್ತು ದಾಟಿದೆ.

ಒಂದು ದಿನ ಕರೆಂಟು ಹೋಗಿತ್ತು. ಇಬ್ಬರೂ ಹುರಿಗಡಲೆ ತಿನ್ನುತ್ತಾ ಬಾಗಿಲಲ್ಲಿ ಕೂತಿದ್ದೆವು. ಬೆಕ್ಕೊಂದು ಹತ್ತಿರ ಬಂತು. ಅಕ್ಕ ಸಣ್ಣ ಕಲ್ಲೊಂದನ್ನು ಎತ್ತಿ, ಬೆಕ್ಕಿಗೆ ತಾಕದಂತೆ ಅದರ ಮೂತಿಯ ಮುಂದೆಯೇ ಬೀಳುವ ಹಾಗೆ ಎಸೆದರು. ಎಸೆದದ್ದು ಎಡಗೈಯಲ್ಲಿ.

"ಅಕ್ಕ, ನೀವು ಎಡಚರಾ?"

"ಶ್! ಮೆಲ್ಲಗೆ ಕಣಮ್ಮ." ಒಳಗೆ ಇಣುಕಿ ನೋಡಿದರು. ಮಹದೇವಪ್ಪನವರು ಇರಲಿಲ್ಲ. "ಚಿಕ್ಕೋಳಿದ್ದಾಗ ನಮ್ಮಮ್ಮ ಊಟಕ್ಕೆ ಕೂರ್ಸೋಕೆ ಮುಂಚೆ ಎಡಗೈಗೆ ಬೇವಿನೆಣ್ಣೆ ಹಚ್ಬುಡೋರು. ಅಪ್ಪಿತಪ್ಪಿ ಬಾಯಿಗೆ ಹೋದ್ರೆ ಕಹಿಯಾಗ್ಲಿ ಅಂತ. ಬರೆಯೋದು, ಉಣ್ಣೋದು, ಶಿಲುಬೆ ಗುರುತು ಹಾಕ್ಕೊಳ್ಳೋದು ಎಲ್ಲ ಬಲಗೈಗೆ ಬಂತು. ಸೊಪ್ಪು ಹೆಚ್ಚೋದು, ಬಟ್ಟೆ ಹೊಲಿಯೋದು ಮಾತ್ರ ಇದ್ರಲ್ಲೇ ಉಳ್ಕೊಂತು."

"ಹಾಗಾದ್ರೆ ಬಲಗೈ..."

"ಬಲಗೈ ಮನೆ ಹಾಲ್ ಇದ್ದಂಗೆ ಕಣಮ್ಮ. ನೆಂಟರು ಬಂದಾಗ ತೋರ್ಸೋಕೆ. ಬದುಕೋದೆಲ್ಲ ಅಡಿಗೆಮನೇಲಲ್ವಾ?"

ನನಗೆ ರೋಮಾಂಚನವಾಯಿತು. ಆ ವಯಸ್ಸಿನಲ್ಲಿ ನನಗೆ ಬೇಗ ಆಗುತ್ತಿತ್ತು. ಕರೆಂಟು ಬಂದದ್ದೇ ತಡ, ಕಂಪ್ಯೂಟರಿನ ಸೆಟ್ಟಿಂಗುಗಳನ್ನೆಲ್ಲ ಜಾಲಾಡಿ, ಎಡಗೈಯವರಿಗೆಂದೇ ಬಟನ್ನುಗಳನ್ನು ಅದಲು ಬದಲು ಮಾಡುವ ಕಿಂಡಿಯೊಂದನ್ನು ಹುಡುಕಿದೆ. ಮೌಸನ್ನು ಕೀಬೋರ್ಡಿನ ಎಡಕ್ಕೆ ಎತ್ತಿಟ್ಟು, "ಈಗ ನಿಮ್ಮ ಎಡಗೈ ತೋರುಬೆರಳಲ್ಲಿ ಒತ್ತಿ, ಅಕ್ಕ" ಅಂದೆ. ಒಂದು ಗೆರೆ ಎಳೆದರು. ನೂಲು ಹಿಡಿದಂತೆ ನೇರ. ಇನ್ನೊಂದು ಎಳೆದರು. ಆಮೇಲೆ ಒಂದು ಹೂವು, ಅದಕ್ಕೊಂದು ಬಳ್ಳಿ. ಅವರು ಬಳ್ಳಿಗೆ ಎಲೆ ಹಚ್ಚುತ್ತಾ ಹೋದರು. ನಾನು ಮಾತ್ರ ಅವರಿಗೆ ಎಡಗೈಯನ್ನು ನಾನೇ ಮಾಡಿಸಿಕೊಟ್ಟಿದ್ದೇನೆ ಎನ್ನುವ ಹಾಗೆ ಎದೆಯುಬ್ಬಿಸಿಕೊಂಡು ಕೂತಿದ್ದೆ.

ಮಾರನೆಯ ಬೆಳಿಗ್ಗೆ ಸತೀಶನ ಕೂಗು ಬೀದಿಗೆಲ್ಲ ಕೇಳಿಸಿತಂತೆ. "ಯಾವನೋ ನನ್ ಮೌಸ್ ಉಲ್ಟಾ ಮಾಡ್ಬುಟ್ಟವ್ನೆ!" ಆಮೇಲೆ ಅವನು ದಿನಾ ಬೆಳಿಗ್ಗೆ ಅದನ್ನು ಮೊದಲಿನಂತೆ ಮಾಡುವುದು, ಮಧ್ಯಾಹ್ನ ನಾನು ಹೋಗಿ ಬದಲಿಸುವುದು, ಸಂಜೆ ಮರೆತು ಹಾಗೇ ಬಿಡುವುದು ಶುರುವಾಯಿತು. ವಿಷಯ ಮಹದೇವಪ್ಪನವರ ಕಿವಿಗೂ ಬಿತ್ತು. ಬೈಯುವ ಮನುಷ್ಯರಲ್ಲ ಅವರು. ಆದರೆ ಮುಖ ಸಣ್ಣಗಾಯಿತು.

"ಎಡಗೈಲಿ ಕೆಲಸ ಮಾಡಿ, ನಂಗೇನೂ ಇಲ್ಲ. ಆದ್ರೆ ಬೆಳಗ್ಗೆ ಬಂದ ದಿನ ಬೋಣಿ ಹೊತ್ನಲ್ಲಿ ಬೇಡ ಸಿಸಿಲಮ್ಮ. ಲಗ್ನದ ಕಾರ್ಡೂ ಬೇಡ. ಶುಭ ಕಾರ್ಯ ನೋಡಿ."

"ನಿಮ್ಮ ಸ್ಕೂಟರ್ ಗೇರ್ ಎಡಗೈಲೇ ಅಲ್ವಾ ಸಾರ್ ಹಾಕೋದು? ಬೆಳಿಗ್ಗೆ ಅದರಲ್ಲೇ ತಾನೆ ಬರ್ತೀರಿ, ಬೋಣಿಗೆ?" ಎಂದರು ಅಕ್ಕ, ಬಹಳ ವಿನಯದಿಂದ.

ಮಹದೇವಪ್ಪನವರು ಹೊರಗೆ ನಿಂತಿದ್ದ ತಮ್ಮ ಸ್ಕೂಟರನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಅದು ಕಂಪನಿಯೋರು ಅಂಗೆ ಮಾಡವ್ರೆ ಕಣಮ್ಮ. ನಾನೇನ್ ಮಾಡ್ಲಿ?"

ಅವರ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಇಲವಾಲದಿಂದ ಬಂದಿದ್ದ ಗಿರಾಕಿಯೊಬ್ಬರು ಅಕ್ಕನ ಪಕ್ಕ ಕೂತು ಮಗನ ಲಗ್ನಪತ್ರಿಕೆಯ ವಿವರ ಹೇಳುತ್ತಿದ್ದವರು, ಕೈ ಕಡೆ ಕಣ್ಣು ಹೋದದ್ದೇ, "ಅಲ್ರೀ, ದೇವರ ಚಿತ್ರಾನ ಎಡಗೈಲಿ ಎಳೀತಾ ಇದ್ದೀರಲ್ರೀ!" ಎಂದು ಎದ್ದು ಹೋಗಿದ್ದರು. ಅಂದಿನಿಂದ ಅಕ್ಕ ಮದುವೆಯವರು ಬಂದರೆ ಮೌಸನ್ನು ಬಲಕ್ಕೆ, ಅವರು ಹೋದ ಮೇಲೆ ಎಡಕ್ಕೆ ಸರಿಸತೊಡಗಿದರು. ಕೈ ಬದಲಾದರೂ ಒಳಗಿನ ಸೆಟ್ಟಿಂಗು ಬದಲಾಗಿರುತ್ತಿರಲಿಲ್ಲವಾದ್ದರಿಂದ, ಬಲಗೈಗೆ ಬಂದ ಮೌಸಿನಲ್ಲಿ ಕೆಲಸದ ಬಟನ್ನು ತೋರುಬೆರಳಿನ ಬದಲು ನಡುಬೆರಳಿನ ಕಡೆಗಿರುತ್ತಿತ್ತು.

ಇದರ ಮೇಲೆ ಸಾಫ್ಟ್‌ವೇರುಗಳ ಕಾಟ. ಈಗಿನಂತೆ ಆಗ ಎಲ್ಲದರಲ್ಲೂ ಒಂದೇ ರೀತಿ ಎಂಬುದು ಇರಲಿಲ್ಲ. ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಬಲಗಡೆ ಒತ್ತಿದರೆ ಪುಟ ದೊಡ್ಡದಾಗಿ ಕಾಣುವುದು. ಚಿತ್ರ ಬರೆಯುವುದರಲ್ಲಿ ಪಟ್ಟಿ ಇಳಿಯುವುದು. ಕನ್ನಡ ಅಕ್ಷರಗಳಿಗೆಂದು ಯಾರೋ ಪುಣ್ಯಾತ್ಮರು ಮಾಡಿದ್ದ, ಕಪ್ಪು ಪರದೆಯ ಹಳೆಯ ಸಾಫ್ಟ್‌ವೇರೊಂದಿತ್ತು. ಅದರಲ್ಲಿ ಬಲಗಡೆ ಒತ್ತಿದರೆ ಮಾಡಿದ ಕೆಲಸ ಬೇಡ ಎಂದು ಅರ್ಥ. ಖಂಡಿತವೇ ಎಂದು ಕೂಡ ಕೇಳದೆ ಅಳಿಸಿಬಿಡುವುದು. ನಾನು ಹುಡುಕಿದ್ದ ಅದಲು ಬದಲಿನ ಸೆಟ್ಟಿಂಗನ್ನು ಉಳಿದವೆಲ್ಲ ಒಪ್ಪಿಕೊಂಡರೂ ಈ ಹಳೆಯದು ಒಪ್ಪುತ್ತಿರಲಿಲ್ಲ. ಅಂದರೆ ಅಕ್ಕನ ಎಡಗೈಯ ತೋರುಬೆರಳು ಒಂದು ಸಾಫ್ಟ್‌ವೇರಿನಲ್ಲಿ ಆಯ್ದುಕೊಳ್ಳುವ ಬೆರಳು, ಇನ್ನೊಂದರಲ್ಲಿ ಅಳಿಸುವ ಬೆರಳು.

ಆದದ್ದು ಅದೇ. ಯಾರದೋ ಗೃಹಪ್ರವೇಶದ ಆಮಂತ್ರಣ, ಎರಡೂ ಕಡೆಯ ಹಿರಿಯರ ಹೆಸರುಗಳೆಲ್ಲ ಸೇರಿ ದೊಡ್ಡದಾಗಿತ್ತು. ಅಕ್ಕ ಅದನ್ನು ಆ ಹಳೆಯದರಲ್ಲಿ ಪೂರ್ತಿ ಜೋಡಿಸಿ, ಖುಷಿಯಿಂದ ತೋರುಬೆರಳು ಒತ್ತಿದರು. ಮನೆ, ಮನೆದೇವರು, ಹಿರಿಯರು, ಎಲ್ಲರೂ ಒಟ್ಟಿಗೆ ಮಾಯವಾದರು. ಕಪ್ಪು ಪರದೆ ಮಾತ್ರ ಉಳಿಯಿತು. ಮಹದೇವಪ್ಪನವರು ಹಿಂದೆಯೇ ನಿಂತಿದ್ದರು. ಇನ್ನೊಮ್ಮೆ ಜೋಡಿಸಿ ಎಂದು ಹೊರಗೆ ಹೋದರು. ಆದರೆ ಆ ವಾರ ಹೊಸಬರೊಬ್ಬರನ್ನು ಕೂರಿಸಿಕೊಂಡು ಮಾತಾಡಿದ್ದು ನಮ್ಮಿಬ್ಬರಿಗೂ ಗೊತ್ತಾಯಿತು.

ನಾನು ಅಳುವ ಹಾಗಾಗಿ, "ನನ್ನಿಂದಾನೇ ಆಗಿದ್ದು ಅಕ್ಕ" ಎಂದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಮೌಸನ್ನು ಅಂಗೈಯಲ್ಲಿಟ್ಟುಕೊಂಡು, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು.

"ಅದಲು ಬದಲು ಬೇಡ ಕಣಮ್ಮ. ಮೊದಲಿದ್ದಂಗೇ ಮಾಡ್ಬುಡು."

"ಮತ್ತೆ ನೀವು ಬಲಗೈಲಿ..."

"ಬಲಗೈ ಯಾಕೆ? ಎಡಗೈಲೇ ಹಿಡೀತೀನಿ. ನಡುಬೆರಳಲ್ಲಿ ಒತ್ತುತೀನಿ. ಅಭ್ಯಾಸ ಆಗುತ್ತೆ. ಟೈಪ್ ಮಾಡ್ದೋಳಿಗೆ ಬೆರಳು ಯಾವುದಾದ್ರೇನು?" ಮೌಸಿನ ಮೇಲೆ ಬೆರಳಿಟ್ಟು, "ನೋಡು, ಇದರಲ್ಲಿ ಎಡಗಡೇದು ಕೆಲಸ ಮಾಡುತ್ತೆ. ಬಲಗಡೇದು ಒಂದೊಂದು ಊರಲ್ಲಿ ಒಂದೊಂದು ಥರ ಆಡುತ್ತೆ, ಅದರ ಹಣೆಬರಹ. ಆದ್ರೆ ಎಡಗಡೇದು ಎಲ್ಲಾ ಕಡೆಗೂ ಒಂದೇ. ಸತೀಶನ ಕೈಲೂ ಅದೇ, ನನ್ನ ಕೈಲೂ ಅದೇ, ಆ ಕಪ್ಪು ಪರದೇಲೂ ಅದೇ. ನಾನು ಹುಟ್ಟಿದಾಗಿಂದ ಎಡಗಡೇದೇ ಯಜಮಾನ ಆಗಿರೋ ಒಂದು ವಸ್ತು ನೋಡಿರ್ಲಿಲ್ಲ. ಈಗ ಒಂದು ಸಿಕ್ಕಿದೆ. ಅದನ್ನ ಹೋಗಿ ಯಾಕೆ ಬದಲಾಯಿಸ್ಲಿ?"

ನನಗೆ ಸ್ವಲ್ಪ ಬೇಜಾರೇ ಆಯಿತು. ಎಡಗೈಯವರಿಗೆ ಅನುಕೂಲವಾಗಲೆಂದು ನಾನು ಮಾಡಿದ್ದು, ಎಡಗಡೆಯ ಬಟನ್ನಿನ ಯಜಮಾನಿಕೆಯನ್ನು ಕಿತ್ತು ಬಲಗಡೆಯದಕ್ಕೆ ಕೊಟ್ಟ ಹಾಗಾಗಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಎಷ್ಟೋ ಸಲ ಇದರ ಬಗ್ಗೆ ಯೋಚಿಸಿದ್ದೇನೆ. ನಮಗೆ ಒಪ್ಪುವಂತಿರುವುದು ಒಂದು ಸುಖ, ಹೋದಲ್ಲೆಲ್ಲ ಒಂದೇ ಥರ ಇರುವುದು ಇನ್ನೊಂದು ಸುಖ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ನಮ್ಮ ಮನೆಯ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಬಲಕ್ಕಿದೆ, ನನ್ನ ನಾದಿನಿಯ ಮನೆಯಲ್ಲಿ ಎಡಕ್ಕಿದೆ. ಅಲ್ಲಿಗೆ ಹೋದಾಗಲೆಲ್ಲ ಒಂದು ಚೊಂಬು ತಣ್ಣೀರು ಸುರಿದುಕೊಂಡು ಕಿರುಚುತ್ತೇನೆ. ನಲ್ಲಿ ಯಾವ ಕಡೆಗಿದ್ದರೂ ನನಗೆ ತಕರಾರಿಲ್ಲ, ಎರಡು ಮನೆಯವರೂ ಕೂತು ಮಾತಾಡಿಕೊಂಡಿದ್ದರೆ ಸಾಕಿತ್ತು. ಮನುಷ್ಯರಲ್ಲೂ ಹಾಗೆಯೇ. ದಿನಾ ಸಿಡುಕುವವರೊಂದಿಗೆ ಬಾಳಬಹುದು. ಒಂದು ದಿನ ಮುದ್ದು, ಒಂದು ದಿನ ಸಿಡುಕು ಎಂದಾದರೆ ಬಾಗಿಲು ತೆಗೆಯುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಅಕ್ಕ ತಮ್ಮ ಬೆರಳನ್ನು ಬಗ್ಗಿಸಿಕೊಂಡು ಆ ಒಂದು ನಿಶ್ಚಿಂತೆಯನ್ನು ಪಡೆದುಕೊಂಡರು. ಇದು ಗೆಲುವೋ ಒಪ್ಪಂದವೋ ನನಗೆ ಇಂದಿಗೂ ತಿಳಿಯದು. ಕೆಲಸವಂತೂ ಓಡಿತು. ಸತೀಶ ಕೂಗಾಡುವುದು ನಿಂತಿತು. ಅಕ್ಕನ ಹೂವು ಬಳ್ಳಿಗಳು ಅವನಿಗಿಂತ ಚೆನ್ನಾಗಿ ಬರತೊಡಗಿದವು.

ಉಳಿದದ್ದು ಒಂದೇ ತೊಡಕು. ಮದುವೆಯ ಕಾರ್ಡು. ಅದು ಬಂದಾಗ ಅಕ್ಕ ಬಲಗೈಗೆ ಹೋಗಲೇಬೇಕು, ಬಲಗೈಗೆ ಹೋದರೆ ಚಾಮುಂಡಿ ಬೆಟ್ಟದ ರಸ್ತೆ. ಹಾಗಾಗಿ ಲಗ್ನದ ಕೆಲಸವೆಲ್ಲ ಸತೀಶನಿಗೆ ಹೋಗುತ್ತಿತ್ತು. ಡಿ.ಟಿ.ಪಿ.ಯಲ್ಲಿ ಅನ್ನ ಇದ್ದದ್ದು ಲಗ್ನದ ಕೆಲಸದಲ್ಲಿ. ಸಂಕ್ರಾಂತಿ ಕಳೆಯಿತು. ಮಹದೇವಪ್ಪನವರು ಇನ್ನೂ ಮಾತೆತ್ತಿರಲಿಲ್ಲ, ಆದರೆ ಇಂದೋ ನಾಳೆಯೋ ಎತ್ತುವವರಿದ್ದರು. ಅಕ್ಕ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುವುದನ್ನು ನಾನು ನೋಡುತ್ತಿದ್ದೆ.

ಅಷ್ಟರಲ್ಲಿ ಮಹದೇವಪ್ಪನವರ ಮಗಳಿಗೇ ಮದುವೆ ನಿಶ್ಚಯವಾಯಿತು. ಅದೇ ವಾರ ಸತೀಶನಿಗೆ ಮೈಮೇಲೆ ಅಮ್ಮ ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿಬಿಟ್ಟ. ಸಂಜೆ ಬೀಗರು ಕಾರ್ಡು ನೋಡಲು ಬರುವವರಿದ್ದರು. ಬೇರೆ ಕಡೆ ಕೊಟ್ಟರೆ, ಸ್ವಂತ ಸೆಂಟರ್ ಇಟ್ಟುಕೊಂಡು ಮಗಳ ಕಾರ್ಡನ್ನು ಹೊರಗೆ ಮಾಡಿಸಿದರು ಎಂಬ ಮಾತು. ಮಹದೇವಪ್ಪನವರು ಮಧ್ಯಾಹ್ನ ಬಂದು ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತರು. "ಸಿಸಿಲಮ್ಮ, ಇದೊಂದು ನೆಟ್ಟಗೆ ಬಂದ್ಬುಟ್ರೆ ಇನ್ನು ಲಗ್ನದ ಕೆಲಸಾನೆಲ್ಲ ನಿಮ್ಗೇ ವಹಿಸ್ಬುಡ್ತೀನಿ. ಬರ್ದಿದ್ರೆ..." ಎಂದವರು ಕಾರ್ಡಿನ ವಿವರ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟರು.

ಅಕ್ಕ ಮೌಸನ್ನು ತಾವಾಗಿಯೇ ಬಲಕ್ಕಿಟ್ಟುಕೊಂಡರು. ಕಾರ್ಡಿನ ತಲೆಯ ಮೇಲೆ ಲಿಂಗದ ಚಿತ್ರ, ಕೆಳಗೆ ಮಠದ ಸ್ವಾಮಿಗಳ ಹೆಸರು, ಅಂಚಿಗೆ ಮಾವಿನೆಲೆಯ ತೋರಣ. ಅಕ್ಷರಗಳೆಲ್ಲ ಕೂತವು. ತೋರಣ ಕೂರಲಿಲ್ಲ. ಒಂದೊಂದು ಎಲೆಯನ್ನೂ ಎಳೆದು ತಂದು ದಾರಕ್ಕೆ ಹಚ್ಚಬೇಕು. ಬಲಗೈಯಲ್ಲಿ ಎಲೆಗಳು ಒಂದರ ಮೇಲೊಂದು ಹತ್ತುತ್ತಿದ್ದವು.

"ಎಲೆ ಯಾಕೋ ಬಾಡೋದಂಗೆ ಕಾಣ್ತವಲ್ಲ, ಸಿಸಿಲಮ್ಮ?" ಎಂದರು ಮಹದೇವಪ್ಪನವರು. ಅಕ್ಕನ ಮೇಲ್ದುಟಿಯ ಮೇಲೆ ಬೆವರು. ನಾನು ಪ್ರೂಫಿನ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೆ.

ಮುಂದಿನದು ನನ್ನ ಕಣ್ಣಿಗೆ ಕಟ್ಟಿದೆ. ಮಹದೇವಪ್ಪನವರು ಮುಂದಕ್ಕೆ ಬಾಗಿದರು. ಹವಳದ ಉಂಗುರ ತೊಟ್ಟ ಕೈ ಚಾಚಿ, ಮೌಸನ್ನು ಅದರ ಪ್ಯಾಡಿನ ಸಮೇತ ಎತ್ತಿ, ಕೀಬೋರ್ಡಿನ ಎಡಗಡೆಗೆ ಇಟ್ಟರು. "ಬೋಣಿ ಬೆಳಗ್ಗೇನೇ ಆಗೋಯ್ತಲ್ಲ. ಇನ್ನು ಯಾವ ಕೈಯಾದ್ರೇನು? ನಿಮ್ಗೆ ಬಂದಂಗೆ ಮಾಡಿ" ಎಂದರು. ಅಕ್ಕನ ಎಡಗೈ ಮೌಸಿನ ಮೇಲೆ ಕೂತಿತು. ಎಲೆಗಳು ಒಂದೊಂದಾಗಿ ದಾರಕ್ಕೆ ಬಂದು ನಿಂತವು. ಸಂಜೆ ಬೀಗರು ಕಾರ್ಡನ್ನು ದೀಪಕ್ಕೆ ಹಿಡಿದು, "ತೋರಣ ಚೆಂದಾಗದೆ" ಎಂದರಂತೆ. ಆಮೇಲೆ ಲಗ್ನದ ಕೆಲಸವೆಲ್ಲ ಅಕ್ಕನ ಪಾಲಿಗೆ ಬಂತು. ಮಹದೇವಪ್ಪನವರು ಗಿರಾಕಿಗಳ ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿಸಿದರು. ಅಲ್ಲಿಂದ ಕೈ ಕಾಣುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ನನಗೆ ಕಾಲೇಜಿನ ಕೆಲಸ ಸಿಕ್ಕಿ ನಾನು ಅಲ್ಲಿಂದ ಹೊರಟೆ. ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ, ನೆಂಟರ ಮನೆಗಳಲ್ಲಿ, ಒಮ್ಮೆ ಮಕ್ಕಳ ಬೀಳ್ಕೊಡುಗೆ ಸಮಾರಂಭದಲ್ಲೂ ಹೇಳಿದ್ದೇನೆ. ಹೇಳಿದಾಗಲೆಲ್ಲ ಮಹದೇವಪ್ಪನವರ ದೊಡ್ಡತನಕ್ಕೆ ಜನ ತಲೆದೂಗಿದ್ದಾರೆ. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಜೆರಾಕ್ಸ್ ಅಂಗಡಿಯ ಪ್ರಸಂಗವಾದ ಮೂರನೆಯ ದಿನ ಸಿಸಿಲಿ ಅಕ್ಕನ ಮನೆ ಹುಡುಕಿಕೊಂಡು ಬನ್ನಿಮಂಟಪದ ಕಡೆಗೆ ಹೋದೆ. ಯಜಮಾನರು ಈಗಿಲ್ಲ. ತಂಗಿಯ ಜೊತೆ ಇದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಸೀರೆಯ ಪಿನ್ನು ಮಾತ್ರ ಹಾಗೇ ಇದೆ. ಚರ್ಚಿನ ಭಾನುವಾರದ ಗೀತೆಗಳ ಹಾಳೆಯನ್ನು ಅವರೇ ಜೋಡಿಸಿಕೊಡುತ್ತಾರಂತೆ. ಮೇಜಿನ ಮೇಲೆ ಕಂಪ್ಯೂಟರು ಆನ್ ಆಗಿತ್ತು. ಕಾಫಿ ಕುಡಿದು, ಮಂಡಿನೋವು, ಮೊಮ್ಮಕ್ಕಳು ಎಲ್ಲ ಮುಗಿದ ಮೇಲೆ ನಾನು ತೋರಣದ ಮಾತೆತ್ತಿದೆ. ಮಹದೇವಪ್ಪನವರು ಮೌಸನ್ನು ಎತ್ತಿ ಎಡಕ್ಕಿಟ್ಟಿದ್ದನ್ನು ಎಂದಿನಂತೆ ಚೆನ್ನಾಗಿಯೇ ವರ್ಣಿಸಿದೆ.

ಅಕ್ಕ ಹುಬ್ಬು ಗಂಟಿಕ್ಕಿದರು. "ಯಾರು? ಮಹದೇವಪ್ಪೋರಾ? ಪೂಜೆ ದಿನ ಬಿಟ್ರೆ ಅವರೆಲ್ಲಿ ಮೌಸ್ ಮುಟ್ತಿದ್ರು? ಅದನ್ನ ಕಂಡ್ರೆ ಹೆದರೋರು, ಎಲ್ಲಿ ಏನು ಒತ್ತೋಗುತ್ತೋ ಅಂತ."

"ಅಕ್ಕ, ನಾನು ಅಲ್ಲೇ ಇದ್ನಲ್ಲ. ಅವರ ಹವಳದ ಉಂಗುರ ಕೂಡ ನೆನಪಿದೆ."

"ಉಂಗುರ ಅವರ ಕೈಲಿತ್ತು, ಸರಿ. ಕೈ ಮೊಣಕಾಲ ಮೇಲಿತ್ತು. ನೀನು ಪ್ರೂಫ್ ಹಾಳೆ ಹಿಂದೆ ಬಚ್ಚಿಟ್ಕೊಂಡಿದ್ದೆ, ನಿನಗೇನು ಕಾಣ್ತಿತ್ತು? ನಾನೇ ಎತ್ತಿ ಈ ಕಡೆ ಇಟ್ಕೊಂಡೆ. ಇಟ್ಕೊಂಡು ಅವರ ಮುಖ ನೋಡ್ದೆ. ಅವರು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ಇದ್ರು. ಎಷ್ಟೋ ಹೊತ್ತಾದ ಮೇಲೆ ಬೋಣಿ ಮಾತು ಆಡಿದ್ರು. ಅದು ಅವರದ್ದೇ, ಸುಳ್ಳು ಹೇಳ್ಬಾರ್ದು. ಒಳ್ಳೇ ಮನುಷ್ಯರು."

"ಭಯ ಆಗ್ಲಿಲ್ವಾ ಅಕ್ಕ? ಕೆಲಸ ಹೋಗುತ್ತೆ ಅಂತ?"

"ಆಗ್ದೆ ಇರುತ್ತಾ? ಮನೇಲಿ ಇವರು ಕಾರ್ಖಾನೆ ಇಲ್ದೆ ಕೂತಿದ್ರು. ಆದ್ರೆ ನೋಡು, ಬಲಗೈಲಿ ಮಾಡಿದ್ರೆ ಕೆಲಸ ಖಂಡಿತ ಹೋಗೋದು. ಎಡಗೈಲಿ ಮಾಡಿದ್ರೆ ಪ್ರಾಯಶಃ ಹೋಗೋದು. ಅಷ್ಟೇ ನಾನು ಯೋಚ್ನೆ ಮಾಡಿದ್ದು."

 ಇಷ್ಟು ವರ್ಷ ನನ್ನ ಕಣ್ಣಿಗೆ ಕಟ್ಟಿದ್ದ ಚಿತ್ರವನ್ನು ನನ್ನ ಕಣ್ಣು ಕಂಡೇ ಇರಲಿಲ್ಲವೇ? ಇರಬಹುದು. ಅಕ್ಕನ ನೆನಪೇ ತಪ್ಪಿರಬಹುದು ಎಂದೂ ಒಂದು ಗಳಿಗೆ ಅನಿಸಿತು. ಆದರೆ ಹಾಳೆಯ ಹಿಂದೆ ಇದ್ದವಳು ನಾನು. ಕಾಣದೆ ಹೋದ ಜಾಗವನ್ನು ತುಂಬಿಸಲು ನನ್ನ ನೆನಪು, ಅಪ್ಪಣೆ ಕೊಡುವ ಒಬ್ಬ ದೊಡ್ಡ ಮನುಷ್ಯರನ್ನು ಕರೆತಂದು ಕೂರಿಸಿತ್ತು. ಯಾರೂ ಕೊಡದೆ ಅಕ್ಕ ತಾವೇ ತೆಗೆದುಕೊಂಡಿರಬಹುದು ಎಂದು ಅದಕ್ಕೆ ತೋಚಲೇ ಇಲ್ಲ. ಅದಕ್ಕೂ ಮೊದಲು, ಸೆಟ್ಟಿಂಗು ಹುಡುಕಿ ಕೊಟ್ಟು ಎದೆಯುಬ್ಬಿಸಿಕೊಂಡಿದ್ದ ಹುಡುಗಿಯೂ ಅಪ್ಪಣೆ ಕೊಡುವವರ ಆ ಕುರ್ಚಿಯಲ್ಲಿ ಕೂತಿದ್ದವಳೇ.

"ಸಾಕು ಬಿಡು, ಹಳೇದು" ಎಂದು ಅಕ್ಕ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಕಡೆಗೆ ತಿರುಗಿದರು. "ಬಂದಿದ್ದಕ್ಕೆ ಒಂದು ಕೆಲಸ ಮಾಡು. ಈ ಎರಡನೇ ಚರಣದಲ್ಲಿ ಏನೋ ತಪ್ಪು ಉಳಿದಿದೆ ಅನ್ಸುತ್ತೆ, ನನ್ನ ಕಣ್ಣಿಗೆ ಸಿಕ್ತಾ ಇಲ್ಲ."

ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಓದಿದೆ. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ತೋರಿಸಿದೆ. ಅವರು ತಿದ್ದಿದರು. ಮೂರನೆಯ ಚರಣದಲ್ಲಿ ಇನ್ನೊಂದು ಸಿಕ್ಕಿತು, ಅದನ್ನೂ ತಿದ್ದಿದರು. ಪ್ರಿಂಟು ತೆಗೆದು, ಇಬ್ಬರೂ ಸೇರಿ ಮಡಿಸಿ, ಕಟ್ಟು ಕಟ್ಟಿದೆವು. ಅಕ್ಕ ಗೇಟಿನವರೆಗೂ ಬಂದು, "ಮುಂದಿನ ಸಲ ಊಟಕ್ಕೆ ಬಾ" ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನೆಗೆ ಹೋದ ಮೇಲೆ ಈ ದಿನವನ್ನಾದರೂ ಸರಿಯಾಗಿ ಬರೆದಿಡಬೇಕೆಂದುಕೊಂಡು ಎಲ್ಲವನ್ನೂ ಒಂದೊಂದಾಗಿ ನೆನಪಿಸಿಕೊಳ್ಳುತ್ತಾ ಬಂದೆ: ಬಿಳಿಯ ಕೂದಲು, ಕಾಫಿ, ಎರಡನೆಯ ಚರಣ, ಒತ್ತಕ್ಷರ. ಅಕ್ಕ ಅದನ್ನು ಯಾವ ಕೈಯಿಂದ ತಿದ್ದಿದರು ಎಂಬಲ್ಲಿಗೆ ಬಂದಾಗ ತಿಳಿಯಿತು, ನಾನು ನೋಡಿಯೇ ಇರಲಿಲ್ಲ.